ಮಧುಗಿರಿಯ ಕರಡಿ ಹೆಜ್ಜೆ, ಅಮೆರಿಕದ ಸ್ಯಾಸ್ಕ್ವಾಚ್

ವಾಷಿಂಗ್ಟನ್ ರಾಜ್ಯದಲ್ಲಿ ಬೆಳೆಯುತ್ತಿರುವ ನನ್ನ ತಂಗಿಯ ಮಗನಿಗೆ ಸ್ಯಾಸ್ಕ್ವಾಚ್ ಎಂದರೆ ವಿಪರೀತ ಹುಚ್ಚು. ಮೈತುಂಬ ಕೂದಲು, ಏಳೆಂಟು ಅಡಿ ಎತ್ತರ, ಮನುಷ್ಯರಂತೆ ಎರಡೇ ಕಾಲಿನ ನಡಿಗೆ, ಹೆಚ್ಚುಕಡಿಮೆ ಒಂದು ಮೊಳ ಉದ್ದದ ಪಾದ; ಅಮೆರಿಕ ಮತ್ತು ಕೆನಡಾದ ಪಶ್ಚಿಮ ಕರಾವಳಿಯ ದಟ್ಟ ಕಾಡುಗಳಲ್ಲಿ ಇಂಥದೊಂದು ಜೀವಿ ಇದೆಯೆಂದು ನಂಬಿ, ರಜೆ ಸಿಕ್ಕಾಗಲೆಲ್ಲ ಟೆಂಟ್ ಹೊತ್ತುಕೊಂಡು ಅದರ ಗುರುತು ಹುಡುಕುತ್ತ ಹೊರಡುವ ಜನ ಅಲ್ಲಿ ಬಹಳ ಇದ್ದಾರೆ. ನಮ್ಮ ಹುಡುಗನೂ ಅವರಲ್ಲೊಬ್ಬ. ಕಳೆದ ಚಳಿಗಾಲದ ರಜೆಗೆ ತುಮಕೂರಿಗೆ ಬಂದವನು, ದೇವರಾಯನದುರ್ಗ, ಸಿದ್ಧರಬೆಟ್ಟಗಳನ್ನು ನೋಡಿ ಮುಗಿಸಿದ ಮೇಲೆ, "ಮಾವ, ಎಲ್ಲಾದರೂ ಕಾಡಿನ ಅಂಚಿನಲ್ಲಿ ಟೆಂಟ್ ಹಾಕಿ ಹೆಜ್ಜೆ ಹುಡುಕೋಣ" ಎಂದು ದುಂಬಾಲು ಬಿದ್ದ. ತುಮಕೂರು ಜಿಲ್ಲೆಯಲ್ಲಿ ಸ್ಯಾಸ್ಕ್ವಾಚ್ ಸಿಗುವುದಿಲ್ಲ ಎಂಬಷ್ಟು ವಿವೇಕ ಅವನಿಗಿದೆ. ಅವನಿಗೆ ಬೇಕಾಗಿದ್ದದ್ದು ಅಭ್ಯಾಸ: ನೆಲದ ಮೇಲಿನ ಗುರುತನ್ನು ಕಂಡುಹಿಡಿಯುವುದು, ಅಳೆಯುವುದು, ಫೋಟೊ ತೆಗೆಯುವುದು, ಅಚ್ಚು ಹುಯ್ಯುವುದು. ನನಗೂ ಇದರಲ್ಲೊಂದು ಸ್ವಾರ್ಥವಿತ್ತು. ನಮ್ಮ ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯ ಬೆಟ್ಟಗಳಲ್ಲಿ ಎರಡು ಕಾಲಿನ ಮೇಲೆ ಎದ್ದು ನಿಲ್ಲಬಲ್ಲ, ಮೈತುಂಬ ಕೂದಲಿರುವ, ಮನುಷ್ಯರ ಪಾದವನ್ನು ಹೋಲುವ ಹೆಜ್ಜೆ ಬಿಡುವ ಪ್ರಾಣಿಯೊಂದು ನಿಜವಾಗಿಯೂ ಇದೆ. ಕರಡಿಯ ಆ ಹೆಜ್ಜೆಯನ್ನು ಇವನು ಏನೆಂದು ಓದುತ್ತಾನೆ ಎಂಬುದನ್ನು ನೋಡಬೇಕೆನಿಸಿತ್ತು.

ಮೀಸಲು ಅರಣ್ಯದೊಳಗೆ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವುದೇ ಅಪರಾಧ; ರಾತ್ರಿ ತಂಗುವ ಮಾತಂತೂ ದೂರವೇ ಉಳಿಯಿತು. ಆದ್ದರಿಂದ ಮಧುಗಿರಿ ತಾಲ್ಲೂಕಿನಲ್ಲಿ ಬೆಟ್ಟದ ಬುಡಕ್ಕೆ ತಾಗಿಕೊಂಡಿರುವ ನಮ್ಮ ನೆಂಟರೊಬ್ಬರ ಮಾವಿನ ತೋಪಿನಲ್ಲಿ ಬಿಡಾರ ಹೂಡಿದೆವು. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಕರಡಿ ಓಡಾಡುವ ಜಾಗದ ವಿಳಾಸ ಹೀಗೆ ಬಹಿರಂಗವಾದರೆ ಮುಂದಿನ ಭಾನುವಾರವೇ ಅಲ್ಲಿ ಬೈಕುಗಳು ಸಾಲುಗಟ್ಟುತ್ತವೆ. ತೋಪಿನ ಮೇಲ್ಗಡೆ ಒಂದರ ಮೇಲೊಂದು ಕೂತ ಗುಂಡುಬಂಡೆಗಳು, ಅವುಗಳ ಸಂದಿಯಲ್ಲಿ ಗವಿಗಳು, ಸುತ್ತ ಸೀತಾಫಲ, ಬಂದರೆ ಗಿಡ, ಎಲಚಿ, ಕಕ್ಕೆ, ಮತ್ತೆ ಎಲ್ಲವನ್ನೂ ಮುಚ್ಚಿಕೊಂಡು ಹಬ್ಬಿರುವ ಲಂಟಾನ. ಹುಡುಗ ಮೊದಲು ಸ್ವಲ್ಪ ನಿರಾಶನಾದ. ಅವನ ಊರಿನ ಕಡೆ ಒಂದು ದಿನವಿಡೀ ನಡೆದರೂ ಮನೆಯೊಂದು ಕಾಣದ ಕಾಡಿದೆಯಂತೆ. ಇಲ್ಲಿ ಬಂಡೆ ಹತ್ತಿ ನಿಂತರೆ ನಾಲ್ಕು ಊರಿನ ದೇವಸ್ಥಾನದ ಮೈಕು ಕೇಳಿಸುತ್ತದೆ.

ಸಂಜೆ ಅವರೆಕಾಳಿನ ಸಾರು, ಮುದ್ದೆ ಮುಗಿಸಿದ ಮೇಲೆ ಅವನು ತನ್ನ ಪ್ರಾಣಿಯ ಚರಿತ್ರೆಯನ್ನೆಲ್ಲ ಬಿಚ್ಚಿದ. ಅದರಲ್ಲಿ ತಿಳಿದುಕೊಳ್ಳಬೇಕಾದದ್ದು ಬಹಳವಿದೆ. 1958ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಎಂಬಲ್ಲಿ ಕಾಡಿನ ನಡುವೆ ರಸ್ತೆ ಮಾಡುತ್ತಿದ್ದ ಬುಲ್ಡೋಜರ್ ಚಾಲಕ ಜೆರ್ರಿ ಕ್ರೂ, ತನ್ನ ಯಂತ್ರದ ಸುತ್ತ ಹದಿನಾರು ಇಂಚು ಉದ್ದದ ಬರಿಗಾಲಿನ ಗುರುತುಗಳನ್ನು ಕಂಡ. ಅದರ ಅಚ್ಚು ಹಿಡಿದುಕೊಂಡು ನಿಂತ ಅವನ ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆಯೇ ಸ್ಯಾಸ್ಕ್ವಾಚ್‌ನ 'ಬಿಗ್‌ಫುಟ್' ಎಂಬ ಇನ್ನೊಂದು ಹೆಸರು ಅಮೆರಿಕದ ಮನೆಮನೆ ತಲುಪಿತು. 1967ರ ಅಕ್ಟೋಬರ್ 20ರಂದು ಅದೇ ಬ್ಲಫ್ ಕ್ರೀಕ್‌ನಲ್ಲಿ ರೋಜರ್ ಪ್ಯಾಟರ್ಸನ್ ಮತ್ತು ಬಾಬ್ ಗಿಮ್ಲಿನ್ ಎಂಬಿಬ್ಬರು, ಕೂದಲು ಮೈಯ ಆಕೃತಿಯೊಂದು ನಡೆದುಹೋಗುತ್ತ ಹಿಂತಿರುಗಿ ನೋಡುವ, ಒಂದು ನಿಮಿಷವೂ ತುಂಬದ ದೃಶ್ಯವನ್ನು ಚಿತ್ರಿಸಿದರು. ಅದು ವೇಷ ಹಾಕಿದ ಮನುಷ್ಯನೋ ಅಲ್ಲವೋ ಎಂಬ ಜಗಳ ಇಂದಿಗೂ ನಿಂತಿಲ್ಲ. 1969ರಲ್ಲಿ ವಾಷಿಂಗ್ಟನ್ನಿನ ಸ್ಕಮೇನಿಯಾ ಕೌಂಟಿಯ ಆಡಳಿತವಂತೂ, ಈ ಪ್ರಾಣಿಯನ್ನು ಕೊಂದವರಿಗೆ ಶಿಕ್ಷೆ ವಿಧಿಸುವ ಸ್ಥಳೀಯ ಕಾನೂನನ್ನೇ ಮಾಡಿತು. ಕಂಡಿರದ ಪ್ರಾಣಿಗೆ ಕಾನೂನಿನ ರಕ್ಷಣೆ ಕೊಟ್ಟದ್ದನ್ನು ಕೇಳಿ ನಕ್ಕೆನಾದರೂ, ಗುಂಡು ಹಾರಿಸುವವರ ಕೈಗೆ ಸಿಕ್ಕಿ ಯಾರೋ ದಾರಿಹೋಕ ಸಾಯುವುದನ್ನು ತಪ್ಪಿಸಲು ಅದು ಒಳ್ಳೆಯ ಉಪಾಯವೆಂದೇ ಈಗಲೂ ಅನ್ನಿಸುತ್ತದೆ.

ಬ್ಲಫ್ ಕ್ರೀಕ್ ಕಥೆಗೆ ಒಂದು ಬಾಲವಿದೆ. ಜೆರ್ರಿ ಕ್ರೂ ಕೆಲಸ ಮಾಡುತ್ತಿದ್ದ ರಸ್ತೆಯ ಗುತ್ತಿಗೆದಾರ ರೇ ವ್ಯಾಲೇಸ್ 2002ರಲ್ಲಿ ತೀರಿಕೊಂಡಾಗ, ಅವನ ಮನೆಯವರು ಮರದಲ್ಲಿ ಕೆತ್ತಿದ ದೊಡ್ಡ ಪಾದಗಳನ್ನು ಹೊರತೆಗೆದು, ಆ ಹೆಜ್ಜೆಗಳೆಲ್ಲ ಅಪ್ಪನ ಕುಚೇಷ್ಟೆಯೆಂದು ಹೇಳಿದರು. ಹುಡುಗ ಇದನ್ನೂ ಮುಚ್ಚಿಡದೆ ಹೇಳಿದ. ಆದರೆ ಒಬ್ಬ ಮೋಸ ಮಾಡಿದ ಮಾತ್ರಕ್ಕೆ ಎಲ್ಲ ಹೆಜ್ಜೆಗಳೂ ಮೋಸವಾಗುವುದಿಲ್ಲ ಎಂಬುದು ಅವನ ವಾದ. ತರ್ಕವಾಗಿ ಅದು ಸರಿಯೇ.

ರಾತ್ರಿಯ ವಿಷಯದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಸ್ಯಾಸ್ಕ್ವಾಚ್ ಹುಡುಕುವವರು ರಾತ್ರಿ ಹೊತ್ತು ಮರಕ್ಕೆ ದೊಣ್ಣೆಯಿಂದ ಬಡಿದು, ದೂರದಿಂದ ಅಂಥದೇ ಬಡಿತದ ಉತ್ತರ ಬರುತ್ತದೆಯೇ ಎಂದು ಕಾಯುತ್ತಾರಂತೆ. ಇಲ್ಲಿ ಹಾಗೆಲ್ಲ ಮಾಡಿದರೆ ಊರಿನವರು ಬ್ಯಾಟರಿ ಹಿಡಿದು ಓಡಿಬರುತ್ತಾರೆಂದು ತಡೆದೆ. ಅದಾದ ಅರ್ಧ ಗಂಟೆಗೆ ಕೆಳಗಿನ ಹೊಲದಿಂದ ಟಣಟಣ ಸದ್ದು ಕೇಳಿ ಹುಡುಗ ಎದ್ದು ಕೂತ. ಯಾರೋ ಕಾಡುಹಂದಿ ಓಡಿಸಲು ತಗಡಿನ ಡಬ್ಬ ಬಡಿಯುತ್ತಿದ್ದರು.

ಬೆಳಿಗ್ಗೆ ನಮಗೆ ಜೊತೆಯಾದವರು ಅದೇ ಊರಿನ ಕುರಿ ಮೇಯಿಸುವ ಹಿರಿಯರು. ಊರಿನಲ್ಲಿ ಎಲ್ಲರೂ ಅವರನ್ನು ತಾತ ಎನ್ನುತ್ತಾರೆ, ನಾವೂ ಹಾಗೆಯೇ ಕರೆದೆವು. ಬಿಸಿಲು ಏರಿದ ಮೇಲೆ ಹೆಜ್ಜೆ ಕಾಣುವುದಿಲ್ಲ, ಕತ್ತಲಿರುವಾಗ ಹೋಗಬಾರದು ಎಂಬುದು ಅವರ ನಿಯಮ. ಇಳಿಜಾರು ಬೆಳಕಿನಲ್ಲಿ ಹೆಜ್ಜೆಯ ಅಂಚಿಗೆ ನೆರಳು ಬಿದ್ದು ಗುರುತು ಎದ್ದು ಕಾಣುತ್ತದೆ. ನೆತ್ತಿಯ ಬಿಸಿಲಿನಲ್ಲಿ ಅದೇ ಹೆಜ್ಜೆ ಬರಿಯ ಮಣ್ಣು. ದಾರಿಯುದ್ದಕ್ಕೂ ಅವರು ಕೋಲಿನಿಂದ ಬಂಡೆಗೆ ತಟ್ಟುತ್ತ, ಜೋರಾಗಿ ಮಾತಾಡುತ್ತ ನಡೆದರು. ಕರಡಿ ಹಸಿದು ಮನುಷ್ಯರ ಮೇಲೆ ಬೀಳುವ ಪ್ರಾಣಿಯಲ್ಲ. ಪೊದೆಯ ತಿರುವಿನಲ್ಲಿ ತಟಕ್ಕನೆ ಎದುರಾದಾಗ ಗಾಬರಿಯಿಂದ ಮುಖಕ್ಕೆ, ತಲೆಗೆ ಪರಚುತ್ತದೆ, ಆ ಗಾಯ ಭೀಕರ. ನಾವು ಬರುತ್ತಿರುವುದು ಅದಕ್ಕೆ ಮೊದಲೇ ತಿಳಿಯುವಂತೆ ಮಾಡುವುದೇ ಇರುವ ಒಳ್ಳೆಯ ರಕ್ಷಣೆ.

ಮೊದಲು ಸಿಕ್ಕಿದ್ದು ಹುತ್ತ. ಎದೆಯೆತ್ತರದ ಹುತ್ತದ ಒಂದು ಪಕ್ಕವನ್ನು ಬಗೆದು, ತೋಳು ತೂರುವಷ್ಟು ತೂತು ಮಾಡಲಾಗಿತ್ತು. ತೂತಿನ ಬಾಯಲ್ಲಿ ಉಗುರಿನ ಗೀರುಗಳು ಸಮಾನಾಂತರವಾಗಿ ಮೂಡಿದ್ದವು. ತಾತ ಬಗ್ಗಿ ಒಳಗೆ ನೋಡಿ, "ರಾತ್ರಿ ಬಂದಿರೋದು" ಎಂದರು. ಹೇಗೆ ಗೊತ್ತು ಎಂದು ಹುಡುಗ ಕೇಳಿದ. ಒಳಗಿನ ಗೋಡೆಯಲ್ಲಿ ಬೆರಳಗಲದ ಹಸಿ ಮಣ್ಣಿನ ಪಟ್ಟಿ ಕಾಣಿಸುತ್ತಿತ್ತು. ಹುತ್ತ ಒಡೆದ ಕೆಲವೇ ಗಂಟೆಗಳಲ್ಲಿ ಗೆದ್ದಲು ದುರಸ್ತಿಗೆ ತೊಡಗುತ್ತವೆ. ಅಷ್ಟೇ ಮಣ್ಣು ಮೆತ್ತಿದ್ದರೆ ನಿನ್ನೆ ರಾತ್ರಿಯದು, ತೂತು ಪೂರಾ ಮುಚ್ಚಿದ್ದರೆ ಹಳೆಯದು. ಕರಡಿಗೆ ಮೇಲ್ದವಡೆಯ ಮುಂದಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಗೆ ತುಟಿಯನ್ನು ಕೊಳವೆಯಂತೆ ಮಾಡಿ, ಮಣ್ಣು ಸೇರದ ಹಾಗೆ ಮೂಗಿನ ಹೊಳ್ಳೆ ಮುಚ್ಚಿಕೊಂಡು, ಮೊದಲು ದೂಳನ್ನು ಊದಿ ಆಮೇಲೆ ಗೆದ್ದಲನ್ನು ಹೀರುತ್ತದೆ. ಆ ಸದ್ದು ನೂರು ಮೀಟರಿಗೂ ಆಚೆ ಕೇಳಿಸುತ್ತದೆ. ಗೊತ್ತಿಲ್ಲದವರು ರಾತ್ರಿ ಅದನ್ನು ಕೇಳಿದರೆ ಬಿಗ್‌ಫುಟ್ಟಿಗಿಂತ ದೊಡ್ಡದನ್ನೇ ಕಲ್ಪಿಸಿಕೊಂಡಾರು.

ಅಲ್ಲಿಂದ ಮುಂದೆ ಲದ್ದಿ ಸಿಕ್ಕಿತು, ಎಲಚಿ ಬೀಜಗಳಿಂದ ತುಂಬಿದ್ದು, ಕಡ್ಡಿಯಿಂದ ಒಡೆದಾಗ ಗೆದ್ದಲಿನ ತಲೆಗಳು ಮಿನುಗಿದವು. ಜೇನು ಕಟ್ಟುವ ಮರವೊಂದರ ಮೇಲೆ ಹತ್ತಿಳಿದ ಉಗುರಿನ ಗಾಯಗಳಿದ್ದವು. ಬಂಡೆಯ ಸಂದಿಯಲ್ಲಿ ಮೈ ಉಜ್ಜಿದ ಕಡೆ ಒರಟು ಕರಿಗೂದಲು ಅಂಟಿತ್ತು. ಹುಡುಗ ತಂದಿದ್ದ ಪ್ಲಾಸ್ಟಿಕ್ ಚೀಲ ತೆಗೆದ, ಬೇಡವೆಂದೆ. ಕರಡಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ, ಅದರ ದೇಹದ ಯಾವ ಭಾಗವನ್ನೂ ಮನೆಗೆ ಒಯ್ಯುವಂತಿಲ್ಲ. ಫೋಟೊ ತೆಗೆದು ಹಾಗೆಯೇ ಬಿಟ್ಟೆವು.

ಹೆಜ್ಜೆ ಸಿಕ್ಕಿದ್ದು ಕಟ್ಟೆಯ ಕೆಸರಿನಲ್ಲಿ. ಹಿಂಗಾರು ಮಳೆಯ ನೀರು ಇಂಗುತ್ತ ಬಂದು, ಅಂಚಿನಲ್ಲಿ ನಾಲ್ಕು ಮಾರು ಅಗಲದ ಮೆತ್ತನೆ ಮಣ್ಣು ಉಳಿದಿತ್ತು. ಅದರ ಮೇಲೆ ಸಾಲಾಗಿ ಹೋದ ಗುರುತುಗಳನ್ನು ಕಂಡು ಹುಡುಗ ನಿಂತಲ್ಲೇ ನಿಂತ. ಒಂದು ಗುರುತು ಹನ್ನೊಂದು ಇಂಚು ಉದ್ದ. ಹಿಂದೆ ಹಿಮ್ಮಡಿ, ಮುಂದೆ ಐದು ಬೆರಳು, ನಡುವೆ ಅಡ್ಡಕ್ಕೆ ಉಬ್ಬಿದ ಮಣ್ಣಿನ ಏಣು. ಐಡಾಹೊ ಸ್ಟೇಟ್ ವಿಶ್ವವಿದ್ಯಾಲಯದ ಅಂಗರಚನಾ ಶಾಸ್ತ್ರಜ್ಞರಾಗಿದ್ದ ಜೆಫ್ ಮೆಲ್ಡ್ರಮ್ ಅವರು ಸ್ಯಾಸ್ಕ್ವಾಚ್ ಹೆಜ್ಜೆಗಳೆನ್ನಲಾದ ಅಚ್ಚುಗಳಲ್ಲಿ ಇಂಥದೇ ಏಣನ್ನು ಗುರುತಿಸಿ, ಆ ಪ್ರಾಣಿಯ ಪಾದ ನಡುವಿನಲ್ಲಿ ಬಾಗುತ್ತದೆ, ನಮ್ಮ ಪಾದದಂತೆ ಬಿಗಿಯಾದ ಕಮಾನಲ್ಲ ಎಂದು ವಾದಿಸಿದ್ದರು. ಹುಡುಗ ಅದನ್ನೇ ಹೇಳಿದ. ತಾತನಿಗೆ ಅವನ ಮಾತು ಅರ್ಥವಾಗಲಿಲ್ಲ, ಆದರೆ ಬೆರಳು ಎಲ್ಲಿ ತೋರಿಸುತ್ತಿದೆ ಎಂಬುದು ಅರ್ಥವಾಯಿತು. "ಅದು ಒಂದು ಕಾಲಲ್ಲ ಮಗಾ, ಎರಡು" ಎಂದು ಕೋಲಿನ ತುದಿಯನ್ನು ನೆಲಕ್ಕೆ ತಾಗಿಸದೆ ಮೇಲಿಂದಲೇ ಗೆರೆ ಎಳೆದು ತೋರಿಸಿದರು.

ಕರಡಿ ನಡೆಯುವಾಗ ಹಿಂಗಾಲನ್ನು ಮುಂಗಾಲಿನ ಗುರುತಿನ ಹಿಂಬದಿಗೆ ಅರ್ಧ ಮುಚ್ಚುವಂತೆ ಇಡುತ್ತದೆ. ಆಗ ಮುಂಗಾಲಿನ ಬೆರಳುಗಳು ಮುಂದೆ ಉಳಿದು, ಹಿಂಗಾಲಿನ ಹಿಮ್ಮಡಿ ಹಿಂದೆ ಉಳಿದು, ಎರಡೂ ಸೇರಿ ಒಂದೇ ಉದ್ದ ಪಾದವಾಗಿ ಕಾಣುತ್ತದೆ. ಹಿಂಗಾಲಿನ ಬೆರಳು ಒತ್ತಿ ತಳ್ಳಿದ ಮಣ್ಣೇ ನಡುವಿನ ಏಣು. ಹತ್ತಿರ ಮುಖ ತಂದು ನೋಡಿದರೆ ಆ ಏಣಿನ ಹಿಂದೆಯೇ ಐದು ಸಣ್ಣ ತಗ್ಗುಗಳು ಸಾಲಾಗಿ, ಮಸುಕಾಗಿ ಕಾಣುತ್ತಿದ್ದವು. ಇನ್ನೂ ಒಂದು ಗುರುತಿದೆ. ಮನುಷ್ಯರ ಹೆಬ್ಬೆರಳು ಪಾದದ ಒಳಮಗ್ಗುಲಿಗೆ ಇದ್ದರೆ, ಕರಡಿಗೆ ದೊಡ್ಡ ಬೆರಳು ಹೊರಮಗ್ಗುಲಿಗೆ. ಹಾಗಾಗಿ ಅದರ ಎಡಗಾಲನ್ನು ನೋಡಿದವರು ಮನುಷ್ಯರ ಬಲಗಾಲೆಂದುಕೊಳ್ಳುತ್ತಾರೆ. ನಮ್ಮ ಕರಡಿಯ ಬೆರಳುಗಳಂತೂ ಬಾಗದೆ ಹೆಚ್ಚುಕಡಿಮೆ ನೇರ ಸಾಲಿನಲ್ಲಿರುತ್ತವೆ, ಅವುಗಳಿಗಿಂತ ಬಹಳ ಮುಂದೆ ಉಗುರಿನ ತೂತುಗಳು ಬೀಳುತ್ತವೆ. ಗಟ್ಟಿ ಕೆಸರಿನಲ್ಲಿ ಇದೆಲ್ಲ ಉಳಿಯಿತು. ನಾಲ್ಕು ಹೆಜ್ಜೆ ಆಚೆ, ಒಣಮರಳಿನಲ್ಲಿ, ಅದೇ ಕರಡಿಯ ಅದೇ ನಡಿಗೆ ಉಗುರೂ ಇಲ್ಲದ, ಏಣೂ ಇಲ್ಲದ ಭಾರಿ ಮನುಷ್ಯಪಾದವಾಗಿಬಿಟ್ಟಿತ್ತು. ನಾನು ಆ ಮರಳಿನ ಹೆಜ್ಜೆಯನ್ನಷ್ಟೇ ಕಂಡಿದ್ದರೆ ನನಗೂ ಅನುಮಾನ ಬರುತ್ತಿತ್ತು.

ಅಚ್ಚು ಹುಯ್ಯುವ ಕೆಲಸದಲ್ಲಿ ಹುಡುಗ ನಿಜವಾಗಿಯೂ ನಿಪುಣ. ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು, ಕ್ಯಾಮೆರಾವನ್ನು ನೇರ ಮೇಲಿಂದ ಹಿಡಿದು ಫೋಟೊ ತೆಗೆದ. ಓರೆಯಾಗಿ ತೆಗೆದರೆ ಉದ್ದ ತಪ್ಪುತ್ತದಂತೆ. ಅಡಿಕೆ ಹಾಳೆಯ ಪಟ್ಟಿಯನ್ನು ಬಳೆಯಂತೆ ಬಗ್ಗಿಸಿ ಹೆಜ್ಜೆಯ ಸುತ್ತ ನಿಲ್ಲಿಸಿದೆವು. ಎರಡು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಒಂದು ಪಾಲು ನೀರು ಬೆರೆಸಿ, ಗುಳ್ಳೆ ಏಳದಂತೆ ಕಲಸಿ, ಹೆಜ್ಜೆಯ ಮೇಲೆ ನೇರ ಸುರಿಯದೆ ಅಂಚಿನಿಂದ ನಿಧಾನವಾಗಿ ಹರಿಯಬಿಟ್ಟ. ಗಟ್ಟಿಯಾಗುವಾಗ ಅದು ಕಾವೇರುತ್ತದೆ. ಅಂಗೈ ಇಟ್ಟು ನೋಡಿದ ತಾತ, "ಇದೇನ್ ಸಾಮಿ, ಬೆಂಕಿ ಇಲ್ದೆ ಬೇಯ್ತೈತೆ" ಎಂದು ಬಹಳ ಹೊತ್ತು ಕೈ ತೆಗೆಯಲಿಲ್ಲ.

ಅದು ಒಣಗುವವರೆಗೆ ಕೂತಿದ್ದಾಗಲೇ ನಿಜವಾದ ಚರ್ಚೆ ನಡೆದದ್ದು. ಹುಡುಗನ ದೊಡ್ಡಕಾಲಿನ ಪ್ರಾಣಿಯ ಕಥೆಯನ್ನು ನಾನು ತಾತನಿಗೆ ಹೇಳಿದೆ. ಅವರು ನಗಲಿಲ್ಲ. "ಅದರ ಲದ್ದಿ ಸಿಕ್ಕೈತಾ? ಮರಿ ಕಂಡವ್ರಾ? ಮಲಗೋ ಗವಿ?" ಎಂದು ಒಂದೊಂದಾಗಿ ಕೇಳಿದರು. ಒಂದು ಬೆಳಗಿನ ಸುತ್ತಾಟದಲ್ಲಿ, ಕಣ್ಣಿಗೇ ಬೀಳದ ಒಂದು ಕರಡಿಯ ಊಟ, ಲದ್ದಿ, ಕೂದಲು, ಹತ್ತಿದ ಮರ, ನಡೆದ ದಾರಿ ಎಲ್ಲವೂ ನಮಗೆ ಸಿಕ್ಕಿದ್ದವು. ಬ್ಲಫ್ ಕ್ರೀಕ್ ಆಗಿ ಆರು ದಶಕ ಕಳೆದರೂ ಸ್ಯಾಸ್ಕ್ವಾಚ್ ಪಾಲಿಗೆ ಉಳಿದಿರುವುದು ಹೆಚ್ಚಾಗಿ ಪಾದ ಮಾತ್ರ. ಉಳಿದ ಗುರುತುಗಳನ್ನು ಪರೀಕ್ಷೆಗೆ ಕೊಟ್ಟಾಗಲೆಲ್ಲ ಅವು ಬೇರೆ ಪ್ರಾಣಿಯ ಲೆಕ್ಕಕ್ಕೆ ಹೋದವು. 1976ರಲ್ಲಿ ಪೀಟರ್ ಬರ್ನ್ ಎಂಬ ಶೋಧಕ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೆ ಕಳಿಸಿದ ಕೂದಲು ಜಿಂಕೆಯ ಜಾತಿಯದೆಂದು ತಿಳಿಯಿತು. ಆಕ್ಸ್‌ಫರ್ಡಿನ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್ 2014ರಲ್ಲಿ ಪ್ರಕಟಿಸಿದ ವಂಶವಾಹಿ ಪರೀಕ್ಷೆಯಲ್ಲಿ ಬಿಗ್‌ಫುಟ್ ಮತ್ತು ಹಿಮಾಲಯದ ಹಿಮಮಾನವ ಯೇತಿಗಳದೆನ್ನಲಾದ ಕೂದಲುಗಳು ಕರಡಿ, ಕುದುರೆ, ಹಸು, ನಾಯಿ ಮೊದಲಾದ ಗೊತ್ತಿರುವ ಪ್ರಾಣಿಗಳವಾದವು. 2017ರಲ್ಲಿ ಷಾರ್ಲಟ್ ಲಿಂಡ್‌ಕ್ವಿಸ್ಟ್ ತಂಡ ಯೇತಿಯದೆನ್ನಲಾದ ಒಂಬತ್ತು ಮಾದರಿ ಪರೀಕ್ಷಿಸಿದಾಗ ಎಂಟು ಕರಡಿಯವು, ಒಂದು ನಾಯಿಯದು. ನಮ್ಮ ಸೇನೆಯವರೇ 2019ರಲ್ಲಿ ನೇಪಾಳದ ಮಕಾಲು ಪರ್ವತದ ಶಿಬಿರದ ಬಳಿ 32 ಇಂಚಿನ ಯೇತಿ ಹೆಜ್ಜೆ ಕಂಡಿತೆಂದು ಟ್ವೀಟ್ ಮಾಡಿ ದೇಶವೆಲ್ಲ ಮಾತಾಡಿಕೊಂಡದ್ದು ಓದುಗರಿಗೆ ನೆನಪಿರಬಹುದು. ಹಿಮದ ಮೇಲಿನ ಹೆಜ್ಜೆ ಬಿಸಿಲಿಗೆ ಅಂಚು ಕರಗಿ ಹಿಗ್ಗುತ್ತದೆ ಎಂಬುದನ್ನು ಆ ಮಾತುಗಳ ನಡುವೆ ಹೇಳಿದವರು ಕಡಿಮೆ.

ಹುಡುಗ ಸುಮ್ಮನಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಆಫ್ರಿಕಾದ, ಜಿರಾಫೆಯ ಬಂಧುವಾದ ಓಕಾಪಿಯಂಥ ದೊಡ್ಡ ಪ್ರಾಣಿ ವಿಜ್ಞಾನಕ್ಕೆ ತಿಳಿದದ್ದು 1901ರಲ್ಲಿ ಎಂದ. ಅವನ ಕೈಗೆ ನಾನೇ ಇನ್ನೊಂದು ಅಸ್ತ್ರ ಕೊಟ್ಟೆ. ನಮ್ಮದೇ ಜಿಲ್ಲೆಯ ಬುಕ್ಕಾಪಟ್ಟಣದ ಕಾಡಿನಲ್ಲಿ ಚಿಂಕಾರ ಎಂಬ ಹುಲ್ಲೆ ಇದೆಯೆಂಬುದು ವನ್ಯಜೀವಿ ಸಂಶೋಧಕ ಸಂಜಯ್ ಗುಬ್ಬಿಯವರ ತಂಡದ ಕ್ಯಾಮೆರಾಗಳಿಂದ ದಾಖಲಾಗುವವರೆಗೆ ಹೊರಗಿನವರಿಗೆ ಗೊತ್ತಿರಲಿಲ್ಲ; 2019ರಲ್ಲಿ ಆ ಕಾಡು ಚಿಂಕಾರ ವನ್ಯಜೀವಿ ಧಾಮವಾಯಿತು. ಇದನ್ನು ಕೇಳಿ ಅವನ ಮುಖ ಅರಳಿತು. ಆದರೆ ಕ್ಯಾಮೆರಾ ಇಟ್ಟ ಮೇಲೆ ಚಿಂಕಾರ ಅದರ ಮುಂದೆ ಹಾದುಹೋಯಿತು. ಅಮೆರಿಕದ ಕಾಡುಗಳಲ್ಲೂ ಅಂಥ ಕ್ಯಾಮೆರಾಗಳು ವರ್ಷಾನುಗಟ್ಟಲೆ ಕಣ್ಣು ತೆರೆದು ಕೂತಿವೆ; ಅವುಗಳಿಗೆ ಸಿಕ್ಕುವುದು ಕಪ್ಪುಕರಡಿ. ಆ ಕಪ್ಪುಕರಡಿಗಳು ಹೆಚ್ಚಿರುವ ಕಡೆಯೇ ಬಿಗ್‌ಫುಟ್ ಕಂಡೆವೆನ್ನುವವರೂ ಹೆಚ್ಚು ಎಂಬುದನ್ನು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

"ಆ ಕಾಡಲ್ಲಿ ಮೊದ್ಲಿಂದ ಇರೋ ಜನ ಏನಂತಾರೆ?" ಎಂದು ತಾತ ಕೇಳಿದ್ದು ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಬ್ರಿಟಿಷ್ ಕೊಲಂಬಿಯಾದ ಸ್ಟ್‌ಸೇಲಿಸ್ ಮೂಲನಿವಾಸಿಗಳಿಗೆ ಸ್ಯಾಸ್ಕ್ವಾಚ್ ಎಂದರೆ ನೆಲವನ್ನು ಕಾಯುವ, ಈ ಲೋಕಕ್ಕೂ ಆತ್ಮಗಳ ಲೋಕಕ್ಕೂ ನಡುವೆ ಓಡಾಡಬಲ್ಲ ಒಡೆಯ. 1920ರ ದಶಕದಲ್ಲಿ ಅವರ ನಡುವೆ ಶಾಲಾ ಶಿಕ್ಷಕನಾಗಿದ್ದ ಜೆ. ಡಬ್ಲ್ಯು. ಬರ್ನ್ಸ್ ಆ ಕಥೆಗಳನ್ನು ಪತ್ರಿಕೆಗಳಿಗೆ ಬರೆದ ಮೇಲೆ ಅವು ಹೊರಗೆ ಹರಡಿದವು, ಹರಡುತ್ತ ಹರಡುತ್ತ ಕ್ಷೇತ್ರಪಾಲಕ ಹೋಗಿ ಬೇಟೆಯ ಪ್ರಾಣಿ ಉಳಿಯಿತು. ಇದನ್ನು ತಾತ ತಕ್ಷಣ ಒಪ್ಪಿಕೊಂಡರು. ಅವರ ಊರಿನ ಗಡಿಯಲ್ಲೂ ಮುನೇಶ್ವರನಿದ್ದಾನೆ, ಬೆಟ್ಟದ ಮೇಲಿನ ಬಂಡೆಯಲ್ಲಿ ಭೀಮನ ಹೆಜ್ಜೆಯಿದೆ; ಹಬ್ಬದಲ್ಲಿ ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಾರೆ. "ಅದಕ್ಕೆ ಸುಣ್ಣ ಹುಯ್ದು ಅಳೆಯಾಕೆ ಯಾರೂ ಹೋಗಲ್ಲ ಬುಡಿ" ಎಂದರು.

ಯುಗಾದಿ ಕಳೆದು ಕೆಲವು ವಾರಗಳಿಗೆ ಹುಡುಗನಿಂದ ಫೋಟೊ ಬಂತು. ಕ್ಯಾಸ್ಕೇಡ್ ಬೆಟ್ಟಸಾಲಿನ ಹೊಳೆಯೊಂದರ ದಂಡೆಯಲ್ಲಿ ಅವನು ಕಪ್ಪುಕರಡಿಯ ಜೋಡಿಹೆಜ್ಜೆಯ ಅಚ್ಚು ತೆಗೆದಿದ್ದ, ನಡುವಿನ ಐದು ತಗ್ಗುಗಳನ್ನು ಕೆಂಪು ಗುರುತು ಹಾಕಿ ತೋರಿಸಿದ್ದ. ಮಧುಗಿರಿಗೆ ಹೋದಾಗ ಅದನ್ನು ಮೊಬೈಲಿನಲ್ಲಿ ತಾತನಿಗೆ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, "ಕರಡೀನೇ. ಆದ್ರೆ ಉಗುರು ಗಿಡ್ಡ. ನಮ್ಮದರಂಗೆ ಹುತ್ತ ಬಗೆಯಾದು ಅದರ ಕೆಲ್ಸ ಅಲ್ಲ" ಎಂದರು. ಅದನ್ನು ಹಾಗೆಯೇ ಹುಡುಗನಿಗೆ ಬರೆದು ಕಳಿಸಿದೆ. ಸೆಪ್ಟೆಂಬರಿನಲ್ಲಿ ಅವನು ಗಿಫರ್ಡ್ ಪಿಂಚೊ ಕಾಡಿನಲ್ಲಿ ಟೆಂಟ್ ಹಾಕುವವನಿದ್ದಾನೆ, ಸ್ಯಾಸ್ಕ್ವಾಚ್ ಹುಡುಕುವುದಕ್ಕೇ; ಈ ಸಲ ಮೊದಲು ಲದ್ದಿ ನೋಡುತ್ತಾನಂತೆ.